ಮೆಜೆಸ್ಟಿಕ್: ನೆಲದಡಿಯ ಮೂರು ಹೆಸರುಗಳು

ರೈಲು ಸುರಂಗದಲ್ಲಿ ವೇಗ ತಗ್ಗಿಸುತ್ತಿದ್ದಂತೆ ಅಪರ್ಣಾ ಅವರ ದನಿ ಮುಂದಿನ ನಿಲ್ದಾಣದ ಹೆಸರು ಹೇಳುತ್ತದೆ: ನಾಡಪ್ರಭು ಕೆಂಪೇಗೌಡ ನಿಲ್ದಾಣ, ಮೆಜೆಸ್ಟಿಕ್. 2024ರ ಜುಲೈನಲ್ಲಿ ಅವರು ತೀರಿಕೊಂಡ ಮೇಲೂ ಆ ದನಿಯನ್ನು ಇದೇ ಸುರಂಗದಲ್ಲಿ ಕೇಳಿದ್ದೇನೆ. ಒಂದೇ ಜಾಗಕ್ಕೆ ಎರಡು ಹೆಸರು, ಒಂದೇ ಉಸಿರಿನಲ್ಲಿ. ಒಂದು ನಿಲ್ದಾಣವನ್ನು ಪಠ್ಯದಂತೆ ಓದಬಹುದಾದರೆ, ಈ ಸಾಲೇ ಅದಕ್ಕೆ ಪೀಠಿಕೆ.

ಪಠ್ಯದ ರಚನೆ ಸರಳ. ಮೇಲಿನ ಅಂತಸ್ತಿನಲ್ಲಿ ಟಿಕೆಟ್ ಗೇಟುಗಳು. ಅದರ ಕೆಳಗೆ ಪೂರ್ವ-ಪಶ್ಚಿಮವಾಗಿ ಓಡುವ ನೇರಳೆ ಮಾರ್ಗ. ಇನ್ನೂ ಕೆಳಗೆ ಉತ್ತರ-ದಕ್ಷಿಣದ ಹಸಿರು ಮಾರ್ಗ. 2016ರ ಏಪ್ರಿಲ್ ಕೊನೆಯಲ್ಲಿ ನೇರಳೆ ರೈಲು ಬಂತು, 2017ರ ಜೂನ್‌ನಲ್ಲಿ ಹಸಿರು. ಅಲ್ಲಿಂದ 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಆರಂಭವಾಗುವವರೆಗೆ, ಇಡೀ ನಮ್ಮ ಮೆಟ್ರೋದಲ್ಲಿ ಮಾರ್ಗ ಬದಲಿಸಲು ಇದ್ದದ್ದು ಇದೊಂದೇ ನಿಲ್ದಾಣ.

ಹೆಸರುಗಳ ಪದರ ಇಷ್ಟು ಸರಳವಲ್ಲ. ಮೆಜೆಸ್ಟಿಕ್ ಎಂಬುದು ಒಂದು ಚಿತ್ರಮಂದಿರದ ಹೆಸರು. ಆ ಚಿತ್ರಮಂದಿರ ಈಗಿಲ್ಲ, ಹೆಸರು ಮಾತ್ರ ಸುತ್ತಲಿನ ಪ್ರದೇಶವನ್ನೆಲ್ಲ ಆಳುತ್ತಿದೆ. ಪಕ್ಕದ ಬಸ್ ನಿಲ್ದಾಣ ನಿಂತಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಪೇಟೆಗೆ ನೀರುಣಿಸುತ್ತಿದ್ದ ಈ ಕೆರೆಯನ್ನು ಕಟ್ಟಿಸಿದವನು ಕೆಂಪೇಗೌಡ ಎನ್ನುತ್ತದೆ ಪರಂಪರೆ. ಹೆಸರಘಟ್ಟದಿಂದ ನೀರು ಹರಿದು ಬಂದಮೇಲೆ ಊರಿಗೆ ಕೆರೆಯ ಹಂಗು ತಪ್ಪಿತು. ಕೆರೆ ಬತ್ತಿ ಮೈದಾನವಾಯಿತು, ಮೈದಾನ ಬಸ್ ನಿಲ್ದಾಣವಾಯಿತು. ಕಟ್ಟಿಸಿದವನ ಹೆಸರನ್ನು ರೈಲು ದಿನವಿಡೀ ಕೂಗುತ್ತದೆ. ಕಟ್ಟಿಸಿದ್ದರ ಹೆಸರು ಆ ಕೂಗಿನಲ್ಲಿಲ್ಲ.

ಫಲಕಗಳ ಮೇಲಿನ ಅಕ್ಷರ ನಮಗೆ ಮುಖ್ಯವಲ್ಲ ಎಂದೇನಲ್ಲ. 2017ರ ಜುಲೈನಲ್ಲಿ ಹಿಂದಿ ಹೇರಿಕೆಯ ವಿರುದ್ಧ ದನಿ ಎದ್ದಾಗ ಇಲ್ಲಿನ ಮತ್ತು ಚಿಕ್ಕಪೇಟೆಯ ಫಲಕಗಳಲ್ಲಿದ್ದ ಹಿಂದಿ ಬರಹವನ್ನು ಮುಚ್ಚಲಾಯಿತು. ಆ ದನಿಯಲ್ಲಿ ನನ್ನದೂ ಇತ್ತು. ಯಾವ ಲಿಪಿಯಲ್ಲಿ ಬರೆಯಬೇಕು ಎಂದು ಕೇಳಿದ ನಾನು, ಯಾವ ನೆನಪನ್ನು ಬರೆಯಬೇಕು ಎಂದು ಕೇಳಲಿಲ್ಲ.

ನನ್ನ ತಕರಾರು ಇರುವುದು ಇಲ್ಲಿ. ಈ ನಿಲ್ದಾಣದ ವಿನ್ಯಾಸ ಒಂದೇ ಕ್ರಿಯಾಪದದಲ್ಲಿ ಮಾತಾಡುತ್ತದೆ: ಬದಲಿಸು. ಬಾಣ, ಬಣ್ಣ, ಎಸ್ಕಲೇಟರ್, ಎಲ್ಲವೂ ಅದನ್ನೇ ಹೇಳುತ್ತವೆ. ಬಣ್ಣ ಗೊತ್ತಿದ್ದರೆ ಸಾಕು, ಊರು ಗೊತ್ತಿರಬೇಕಿಲ್ಲ. ಮೇಲಿನ ಮೆಜೆಸ್ಟಿಕ್ ಹಾಗಿರಲಿಲ್ಲ. ಡಿಗ್ರಿಗೆ ಸೇರಲು ಚಿತ್ರದುರ್ಗದಿಂದ ರಾತ್ರಿ ಬಸ್ಸು ಹತ್ತುವಾಗ ಅಪ್ಪ ಹೇಳಿದ್ದಿಷ್ಟೆ: "ದಾರಿ ತಪ್ಪಿದ್ರೆ ಗಾಬರಿಯಾಗ್ಬೇಡ, ಮೆಜೆಸ್ಟಿಕ್‌ಗೆ ವಾಪಸ್ ಬಂದ್ಬಿಡು." ಬೆಳಗಿನ ಜಾವ ಐದಕ್ಕೆ ಇಳಿದು, ಹೂವಿನ ಬುಟ್ಟಿಗಳ ನಡುವೆ ಪ್ಲಾಟ್‌ಫಾರ್ಮ್ ಕೇಳುತ್ತ ಅಲೆದೆ. ಉತ್ತರ ಹೇಳಿದ ಮೂವರೂ ಮೂರು ಬಗೆಯ ಕನ್ನಡ ಆಡಿದರು.

ಹಾಗೆಂದು ಹಳೆಯದನ್ನು ಹಾಡಿ ಹೊಗಳಲಾರೆ. ಅದೇ ಬಸ್ ನಿಲ್ದಾಣದಲ್ಲಿ ರಾತ್ರಿ ಹತ್ತಕ್ಕೆ ಬ್ಯಾಗನ್ನು ಎದೆಗವಚಿಕೊಂಡು, ಯಾರ ಕಣ್ಣಿಗೂ ಕಣ್ಣು ಸೇರಿಸದೆ ನಿಂತ ದಿನಗಳಿವೆ. ಇಂದು ಅದೇ ಹೊತ್ತಿಗೆ ಗ್ರಂಥಾಲಯದಿಂದ ಹೊರಟು, ಬೆಳಕಿರುವ ಮೆಟ್ಟಿಲಿಳಿದು ಹಸಿರು ರೈಲು ಹತ್ತುತ್ತೇನೆ. ದಾರಿ ತಪ್ಪುವ ಸುಖದ ಬಗ್ಗೆ ಬರೆಯುವವರಿಗೆ ಹೆಚ್ಚಾಗಿ ದಾರಿ ತಪ್ಪಿದಾಗ ಭಯವಾಗಿರುವುದಿಲ್ಲ. ಈ ನಿಲ್ದಾಣ ನನಗೆ ಕೊಟ್ಟದ್ದು ದೊಡ್ಡದು. ಅದು ಕೇಳಿದ ಬೆಲೆ ಮರೆವೇ ಆಗಬೇಕಿತ್ತೇ ಎಂಬುದಷ್ಟೇ ನನ್ನ ಪ್ರಶ್ನೆ. ಘೋಷಣೆಯಲ್ಲಿ ಇನ್ನೊಂದು ಪದಕ್ಕೆ ಎರಡು ಸೆಕೆಂಡು ಸಾಕು.

ಕಳೆದ ತಿಂಗಳು ತಂಗಿ ಮೊದಲ ಸಲ ಒಬ್ಬಳೇ ಬೆಂಗಳೂರಿಗೆ ಬಂದಳು. ಫೋನಿನಲ್ಲಿ ದಾರಿ ಕೇಳಿದಳು. "ನೇರಳೆಯಿಂದ ಇಳಿ, ಕೆಳಗೆ ಹೋಗಿ ಹಸಿರು ಹಿಡಿ," ಅಂದೆ. ಫೋನಿಟ್ಟ ಮೇಲೆ ಹೊಳೆಯಿತು: ಅಪ್ಪ ನನಗೆ ಹೇಳಿದ್ದು ಒಂದು ಜಾಗದ ಹೆಸರು. ನಾನು ಅವಳಿಗೆ ಹೇಳಿದ್ದು ಎರಡು ಬಣ್ಣ.