ಗಾಜಿನ ಕಿಟಕಿಯ ಮುಂದೆ ದಾಂಪತ್ಯದ ಪರೀಕ್ಷೆ

ಪೀಟರ್ ವಿಯರ್ ನಿರ್ದೇಶನದ ‘ಗ್ರೀನ್ ಕಾರ್ಡ್’ ಚಿತ್ರ ತೆರೆಗೆ ಬಂದದ್ದು 1990ರಲ್ಲಿ. ಫ್ರಾನ್ಸಿನ ಜಾರ್ಜ್‌ಗೆ ಅಮೆರಿಕದಲ್ಲಿ ಉಳಿಯಲು ಕಾಗದ ಬೇಕು. ನ್ಯೂಯಾರ್ಕಿನ ಬ್ರಾಂಟೆಗೆ ಗಾಜಿನ ಸಸ್ಯಮನೆಯಿರುವ ಒಂದು ಫ್ಲ್ಯಾಟ್ ಬೇಕು; ಅದು ದಂಪತಿಗಳಿಗೆ ಮಾತ್ರ ಸಿಗುತ್ತದೆ. ಇಬ್ಬರೂ ಲೆಕ್ಕಕ್ಕೊಂದು ಮದುವೆಯಾಗುತ್ತಾರೆ. ವಲಸೆ ಇಲಾಖೆಗೆ ಸಂಶಯ ಬಂದಾಗ ಒಬ್ಬರ ಇಷ್ಟಾನಿಷ್ಟಗಳನ್ನು ಇನ್ನೊಬ್ಬರು ಬಾಯಿಪಾಠ ಮಾಡುತ್ತಾರೆ. ತಾರಸಿಯ ಮೇಲೆ ಬಟ್ಟೆ ಬದಲಾಯಿಸುತ್ತಾ ಮಧುಚಂದ್ರದ ಫೋಟೊಗಳನ್ನು ‘ಸೃಷ್ಟಿಸುತ್ತಾರೆ’. ಕೊನೆಗೆ ಆಕೆ ಹಚ್ಚುವ ಕ್ರೀಮಿನ ಹೆಸರು ನೆನಪಾಗದೆ ಜಾರ್ಜ್ ಸಿಕ್ಕಿಬೀಳುತ್ತಾನೆ. ಅಷ್ಟರಲ್ಲಿ ಇಬ್ಬರ ನಡುವೆ ನಿಜವಾದ ಪ್ರೀತಿ ಹುಟ್ಟಿರುತ್ತದೆ.

ಚಿತ್ರ ಚೆನ್ನಾಗಿದೆ. ಅದರ ಚಿತ್ರಕಥೆ ಆಸ್ಕರ್‌ಗೆ ನಾಮಕರಣಗೊಂಡಿತ್ತು. ಆದರೆ ಅದು ಜಗತ್ತಿಗೆ ಕಲಿಸಿದ ಪಾಠದ ಬಗ್ಗೆ ನಮಗೆ ತಕರಾರಿದೆ. ವೀಸಾ ಸಂದರ್ಶನವೆಂದರೆ ಕಳ್ಳರನ್ನು ಹಿಡಿಯುವ ಬಲೆ, ಅದಕ್ಕೆ ಸಿದ್ಧತೆ ಮಾಡಿಕೊಳ್ಳುವುದೆಂದರೆ ಸುಳ್ಳನ್ನು ಹೊಸೆಯುವುದು ಎಂಬ ಭಾವನೆಯನ್ನು ಅದು ಬಿತ್ತಿತು. 2009ರ ‘ದಿ ಪ್ರಪೋಸಲ್’ ಕೂಡಾ ಅದೇ ಜಾಡಿನಲ್ಲಿ ನಡೆಯಿತು. ಹಾಗಾದರೆ ಸತ್ಯವಾಗಿಯೇ ಮದುವೆಯಾಗಿ, ಎರಡು ಖಂಡಗಳಲ್ಲಿ ಬೇರೆಬೇರೆಯಾಗಿ ಬದುಕುತ್ತಾ, ತಮ್ಮ ಸತ್ಯವನ್ನೇ ಪಾಠದಂತೆ ಕಂಠಪಾಠ ಮಾಡಬೇಕಾದವರ ಕತೆ ಏನು? ಈ ಚಿತ್ರಗಳ ಕಣ್ಣಿಗೆ ಅವರು ಬೀಳಲೇ ಇಲ್ಲ.

ನಮ್ಮ ಪರಿಚಯದ ಮನೆಯೊಂದರಲ್ಲಿ ಇಂಥ ಸಿದ್ಧತೆಯನ್ನು ನಾವು ಹತ್ತಿರದಿಂದ ನೋಡಿದ್ದೇವೆ. ನಿಕಾಹ್ ಆದ ಇಪ್ಪತ್ತೇ ದಿನಕ್ಕೆ ಮದುಮಗ ರಜೆ ಮುಗಿಸಿ ಅಮೆರಿಕಕ್ಕೆ ಮರಳಿದ್ದ. ಒಂದೂವರೆ ವರ್ಷದ ಬಳಿಕ ಸಂದರ್ಶನದ ದಿನಾಂಕ ಬಂತು. ಊಟದ ಮೇಜಿನ ತುಂಬ ಕಾಗದಗಳು. ಹುಡುಗಿ ಫೋನಿನಲ್ಲಿ ಗಂಡನನ್ನು ಕೇಳುತ್ತಿದ್ದಳು: “ರೀ, ನಿಮ್ಮ ಆಫೀಸಿನ ಹೆಸರನ್ನು ಇನ್ನೊಮ್ಮೆ ಸರಿಯಾಗಿ ಹೇಳಿ. ನೀವು ಬೆಳಿಗ್ಗೆ ಎಷ್ಟು ಗಂಟೆಗೆ ಹೊರಡುತ್ತೀರಿ? ಮನೆಗೆ ಎಷ್ಟು ಕೋಣೆ?” ಪಕ್ಕದಲ್ಲಿ ಕೂತಿದ್ದ ಉಮ್ಮ ನಿಟ್ಟುಸಿರು ಬಿಟ್ಟರು: “ನಮ್ಮ ಕಾಲದಲ್ಲಿ ಗಂಡನ ಹೆಸರು ಹೇಳಲಿಕ್ಕೇ ನಾಚಿಕೆ. ಇವಳು ಅವನ ಕೋಣೆಯ ಲೆಕ್ಕ ಒಪ್ಪಿಸಬೇಕಂತೆ.”

ಕರಾವಳಿಯ ಮುಸ್ಲಿಮರಿಗೆ ಅಗಲಿಕೆ ಹೊಸತಲ್ಲ. ಗಲ್ಫಿನ ದುಡಿಮೆ ಎಷ್ಟೋ ಮನೆಗಳಿಗೆ ಅದನ್ನು ಅಭ್ಯಾಸ ಮಾಡಿಸಿದೆ. ಆದರೆ ಗಲ್ಫಿನಲ್ಲಿ ಹೆಂಡತಿಯನ್ನು ಕರೆಸಿಕೊಳ್ಳುವಾಗ ಮುಖ್ಯವಾಗಿ ನೋಡುವುದು ಗಂಡನ ಸಂಬಳ, ವಸತಿ ಮತ್ತು ದೃಢೀಕರಿಸಿದ ವಿವಾಹಪತ್ರವನ್ನು. ಅಮೆರಿಕ ಇವುಗಳ ಜೊತೆಗೆ ಇನ್ನೂ ಒಂದು ಪ್ರಶ್ನೆ ಕೇಳುತ್ತದೆ: ನಿಮ್ಮ ದಾಂಪತ್ಯ ನಿಜವೇ? ಅದನ್ನು ರುಜುವಾತುಪಡಿಸುವ ಹೊಣೆ ಅರ್ಜಿದಾರರದ್ದೇ. 1986ರಲ್ಲಿ ವಿವಾಹ ವಂಚನೆಯ ವಿರುದ್ಧ ಅಲ್ಲಿ ಪ್ರತ್ಯೇಕ ಕಾನೂನೇ ಬಂತು. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲು ಹೋದವರಿಗೆ ಸಿಗುವುದು ಎರಡು ವರ್ಷದ ಷರತ್ತಿನ ಗ್ರೀನ್ ಕಾರ್ಡ್. ಆ ಬಳಿಕ ದಾಂಪತ್ಯವನ್ನು ಮತ್ತೊಮ್ಮೆ ರುಜುವಾತುಪಡಿಸಬೇಕು.

ವಂಚನೆ ಇಲ್ಲವೆಂದು ನಾವು ಹೇಳುವುದಿಲ್ಲ. ಅದನ್ನು ತಡೆಯುವ ಹಕ್ಕು ಯಾವ ದೇಶಕ್ಕೂ ಇದೆ. ನಮ್ಮ ಆಕ್ಷೇಪವಿರುವುದು ಅಳತೆಗೋಲಿನ ಬಗ್ಗೆ. ಐ-130 ಎಂಬ ಅರ್ಜಿಯ ಸೂಚನೆಗಳನ್ನು ಓದಿ ನೋಡಿ. ದಾಂಪತ್ಯಕ್ಕೆ ಪುರಾವೆಯಾಗಿ ಅದು ಹೆಸರಿಸುವುದು ಏನನ್ನು? ಜಂಟಿ ಆಸ್ತಿಯ ಪತ್ರ, ಒಂದೇ ಮನೆಯಲ್ಲಿರುವುದನ್ನು ತೋರಿಸುವ ಬಾಡಿಗೆ ಕರಾರು, ಜಂಟಿ ಹಣಕಾಸಿನ ದಾಖಲೆ, ಮಕ್ಕಳ ಜನನಪತ್ರ, ಬಲ್ಲವರ ಪ್ರಮಾಣಪತ್ರ. ಇವುಗಳಲ್ಲಿ ಹೆಚ್ಚಿನವು ಒಟ್ಟಿಗೆ ಬಾಳಿದವರ ಬಳಿ ಇರುವಂಥವು. ಒಟ್ಟಿಗೆ ಬಾಳಲು ಬಿಡಿ ಎಂದು ಕೇಳಿಕೊಳ್ಳಲು ಬಂದವಳ ಬಳಿ ಇವು ಎಲ್ಲಿಂದ ಬರಬೇಕು? ವೀಸಾ ಇಲ್ಲದ ಕಾರಣಕ್ಕೆ ಅಗಲಿಕೆ. ಅಗಲಿಕೆಯ ಕಾರಣಕ್ಕೆ ಪುರಾವೆಯ ಕೊರತೆ. ಪುರಾವೆಯ ಕೊರತೆಯಿಂದ ವೀಸಾಕ್ಕೆ ಕುತ್ತು. ಈ ಗಾಣದ ಸುತ್ತ ತಿರುಗುವವರು ಸಾಮಾನ್ಯ ಜನರು.

ಇನ್ನೊಂದು ವಿಷಯ. ಸಿನಿಮಾದಲ್ಲಿ ಗಂಡ ಹೆಂಡತಿ ಇಬ್ಬರನ್ನೂ ವಿಚಾರಿಸಿ ಉತ್ತರಗಳನ್ನು ತಾಳೆ ನೋಡುತ್ತಾರೆ. ಆದರೆ ಭಾರತದಿಂದ ಹೋಗುವ ಹುಡುಗಿ ಮುಂಬೈಯ ಕಾನ್ಸುಲೇಟಿನ ಗಾಜಿನ ಕಿಟಕಿಯ ಮುಂದೆ ಒಬ್ಬಳೇ ನಿಲ್ಲುತ್ತಾಳೆ. ಎಷ್ಟೋ ಸಲ ಕೆಲವೇ ನಿಮಿಷಗಳ ಮಾತು. ಹೇಗೆ ಭೇಟಿಯಾದಿರಿ, ಯಾಕೆ ಅವರನ್ನೇ ಒಪ್ಪಿದಿರಿ ಎಂದು ಕೇಳಿದರೆ ‘ಅಬ್ಬ, ಮಾಮ ನೋಡಿ ಒಪ್ಪಿದರು, ನಾನೂ ಒಪ್ಪಿದೆ’ ಎಂಬುದು ನಮ್ಮಲ್ಲಿ ನೇರವಾದ ಉತ್ತರ. ಆದರೆ ಮೊದಲು ಪ್ರೇಮ, ಆಮೇಲೆ ಮದುವೆ ಎಂಬ ಕ್ರಮವನ್ನೇ ಸಹಜವೆಂದು ತಿಳಿದ ಕಿವಿಗೆ ಅದು ಅರ್ಧ ಉತ್ತರದಂತೆ ಕೇಳಿಸುವ ಅಪಾಯವಿದೆ.

ಇದು ಬರೀ ನಮ್ಮ ಊಹೆಯಲ್ಲ; ಬ್ರಿಟನ್ನಿನ ಇತಿಹಾಸವೇ ಇದಕ್ಕೆ ಸಾಕ್ಷಿ. ಬ್ರಿಟನ್ನಿಗೆ ಬರುವುದು ತನ್ನ ಮದುವೆಯ ಪ್ರಧಾನ ಉದ್ದೇಶವಲ್ಲ ಎಂದು ಅರ್ಜಿದಾರನೇ ಸಾಧಿಸಬೇಕೆಂಬ ನಿಯಮ 1980ರ ದಶಕದಲ್ಲಿ ಅಲ್ಲಿತ್ತು. ‘ಹೆಂಡತಿಯ ಜೊತೆ ಲಂಡನ್ನಿನಲ್ಲಿ ಬಾಳಬೇಕು’ ಎಂದರೆ ಅದೇ ಅವನ ವಿರುದ್ಧ ಸಾಕ್ಷಿಯಾಗಬಹುದಿತ್ತು! ಹಿರಿಯರು ನಿಶ್ಚಯಿಸಿದ ಮದುವೆಗಳಿರುವ ದಕ್ಷಿಣ ಏಷ್ಯಾದ ಕುಟುಂಬಗಳಿಗೆ ಅದರ ಬಿಸಿ ಹೆಚ್ಚು ತಟ್ಟಿತು. 1997ರಲ್ಲಿ ಲೇಬರ್ ಸರಕಾರ ಅದನ್ನು ರದ್ದುಪಡಿಸಿತು. ಅಷ್ಟರಲ್ಲಿ ಎಷ್ಟು ದಂಪತಿಗಳ ಯೌವನ ಕಾಯುವುದರಲ್ಲೇ ಕಳೆದಿರಬೇಡ! ಈಗ ಅಲ್ಲಿ ಹಣದ ಗೋಡೆಯಿದೆ. ಸಂಗಾತಿಯನ್ನು ಕರೆಸಿಕೊಳ್ಳಲು ಬೇಕಾದ ವಾರ್ಷಿಕ ಆದಾಯದ ಮಿತಿ 2012ರಲ್ಲಿ 18,600 ಪೌಂಡ್ ಇದ್ದದ್ದು 2024ರ ಎಪ್ರಿಲ್‌ನಲ್ಲಿ 29,000ಕ್ಕೆ ಏರಿತು.

ಅಮೆರಿಕದ ನ್ಯಾಯಾಲಯವಾದರೂ ಕೈಹಿಡಿದೀತೇ? 2024ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಮುನ್ಯೋಸ್ ಪ್ರಕರಣದಲ್ಲಿ 6-3ರ ಬಹುಮತದ ತೀರ್ಪು ನೀಡಿತು. ಅರ್ಜಿ ಹಾಕಿದ ಮಹಿಳೆ ಅಮೆರಿಕದ ಪ್ರಜೆ. ಗಂಡ ಎಲ್ ಸಾಲ್ವಡಾರ್‌ನವನು. ವಿದೇಶಿ ಸಂಗಾತಿಯನ್ನು ದೇಶದೊಳಗೆ ಕರೆತರುವುದು ಪ್ರಜೆಯ ಮೂಲಭೂತ ಹಕ್ಕಲ್ಲ ಎಂಬುದು ಬಹುಮತದ ನಿಲುವು. ಅಂದರೆ ಮದುವೆಯಾಗುವ ಹಕ್ಕಿದೆ, ತನ್ನ ನೆಲದಲ್ಲಿ ಒಟ್ಟಿಗೆ ಬಾಳುವ ಖಾತರಿ ಇಲ್ಲ. ಕುಟುಂಬದ ಮೌಲ್ಯದ ಬಗ್ಗೆ ಜಗತ್ತಿಗೆ ಉಪದೇಶಿಸುವ ರಾಷ್ಟ್ರ ಇದಕ್ಕೆ ಉತ್ತರ ಹೇಳಬೇಕು.

ಇಷ್ಟು ಹೇಳಿ ನಿಲ್ಲಿಸಿದರೆ ನಮ್ಮ ವಿಮರ್ಶೆ ಅರ್ಧಸತ್ಯವಾದೀತು. ಯಾಕೆಂದರೆ ಆ ಗಾಜಿನಲ್ಲಿ ನಮ್ಮ ಮುಖವೂ ಕಾಣುತ್ತದೆ.

ನಾವು ಬಲ್ಲ ಇನ್ನೊಂದು ಕುಟುಂಬದಲ್ಲಿ ಹೀಗಾಯಿತು. ಹುಡುಗ ಅಮೆರಿಕದಲ್ಲಿದ್ದಾನೆ ಎಂಬ ಒಂದೇ ಮಾತಿಗೆ ಸಂಬಂಧ ಕುದುರಿತು. ಮದುವೆಯ ಖರ್ಚಿನ ಬಗ್ಗೆ ಮೂರು ದಿನ ಚರ್ಚೆಯಾಯಿತು, ಹುಡುಗನ ಬಗ್ಗೆ ಮೂರು ಗಂಟೆಯೂ ಆಗಲಿಲ್ಲ. ವೀಸಾ ಅರ್ಜಿಯ ನಕಲು ಕೈಗೆ ಬಂದಾಗ ಹುಡುಗಿ ಒಂದು ಸಾಲಿನಲ್ಲಿ ನಿಂತುಬಿಟ್ಟಳು: ಹಿಂದಿನ ಪತ್ನಿಯ ಹೆಸರು, ವಿಚ್ಛೇದನದ ದಿನಾಂಕ. ಆಕೆಗೆ ಯಾರೂ ಹೇಳಿರಲಿಲ್ಲ. ವಿಚ್ಛೇದನ ಅಪರಾಧವಲ್ಲ, ಅವನು ಕೆಟ್ಟವನೂ ಅಲ್ಲ. ಆದರೆ ಪರದೇಶದ ಒಂದು ಫಾರ್ಮು ಕೇಳಿದ ಪ್ರಶ್ನೆಯನ್ನು ಆಕೆಯ ವಲಿ ಕೇಳಿರಲಿಲ್ಲ ಎಂಬುದು ಸಣ್ಣ ಸಂಗತಿಯಲ್ಲ. ಹುಡುಗನ ಕೆಲಸವೇನು, ಯಾರೊಂದಿಗೆ ವಾಸ, ಸಾಲವೆಷ್ಟು, ಹಿಂದೆ ಮದುವೆಯಾಗಿತ್ತೇ—ಇವೆಲ್ಲ ನಿಕಾಹ್‌ಗೆ ಮೊದಲು ನಮ್ಮ ಹಿರಿಯರು ಕೇಳಬೇಕಾದ ಪ್ರಶ್ನೆಗಳು. ಹೆಣ್ಣಿನ ಒಪ್ಪಿಗೆ ನಿಕಾಹ್‌ಗೆ ಅಗತ್ಯ ಎಂದು ನಾವು ವೇದಿಕೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ವಿಷಯವೇ ತಿಳಿಯದೆ ಕೊಟ್ಟ ಒಪ್ಪಿಗೆ ಎಂಥ ಒಪ್ಪಿಗೆ?

ಫೋನಿನಲ್ಲಿ ನಡೆಯುವ ನಿಕಾಹ್‌ನ ವಿಷಯವೂ ಹಾಗೆಯೇ. ಅದರ ಧಾರ್ಮಿಕ ಚರ್ಚೆಯನ್ನು ಉಲಮಾಗಳಿಗೆ ಬಿಡೋಣ. ವಧೂವರರು ಪರಸ್ಪರರ ಸಮ್ಮುಖದಲ್ಲಿ ಇಲ್ಲದೆ ನಡೆದ ವಿವಾಹವನ್ನು, ಆ ಬಳಿಕ ಇಬ್ಬರೂ ಕೂಡಿ ದಾಂಪತ್ಯ ಆರಂಭಿಸಿದ ಹೊರತು, ಅಮೆರಿಕದ ವಲಸೆ ಕಾನೂನು ಮನ್ನಿಸುವುದಿಲ್ಲ. ಇದು ತಿಳಿಯದೆ ಅವಸರಪಟ್ಟು ಅರ್ಜಿ ಹಾಕಿ ಕಷ್ಟಕ್ಕೊಳಗಾಗುವುದು ಬೇಡ. ವಿವಾಹ ನೋಂದಣಿಗೆ ಕರ್ನಾಟಕದಲ್ಲಿ 1976ರ ಕಾಯ್ದೆಯೇ ಇದೆ. ಆದರೂ ಎಷ್ಟೋ ಮಂದಿಗೆ ಅದರ ನೆನಪಾಗುವುದು ವೀಸಾ ಬೇಕಾದಾಗ ಮಾತ್ರ. ಮಸೀದಿಯ ದಫ್ತರಿನಲ್ಲಿ ಒಂದು ಹೆಸರು, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಎಂಬ ಅಸಡ್ಡೆಗೆ ತೆರಬೇಕಾದ ಬೆಲೆ ತಿಂಗಳುಗಟ್ಟಲೆ ಅಗಲಿಕೆ. ಜಮಾಅತ್‌ಗಳು ಮನಸ್ಸು ಮಾಡಿದರೆ ಇದನ್ನು ನಿಕಾಹ್‌ನ ದಿನವೇ ಸರಿಪಡಿಸಬಹುದು.

ಹಾಗಾದರೆ ಸಂದರ್ಶನಕ್ಕೆ ಸಿದ್ಧತೆ ಹೇಗಿರಬೇಕು? ಸಿನಿಮಾದಂತೆ ಖಂಡಿತ ಅಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದು ಸುಳ್ಳಿಗಿಂತ ಸಾವಿರ ಪಾಲು ಸುರಕ್ಷಿತ. ಒಮ್ಮೆ ವಂಚನೆಯ ಮದುವೆ ಎಂದು ದಾಖಲಾದರೆ ಮುಂದಿನ ಅರ್ಜಿಗಳ ದಾರಿಯೂ ಮುಚ್ಚಿಹೋಗುತ್ತದೆ. ದಿನನಿತ್ಯದ ಕರೆಗಳ ವಿವರ, ಕಳುಹಿಸಿದ ಹಣದ ರಸೀದಿ, ಗಂಡ ಊರಿಗೆ ಬಂದುಹೋದ ಟಿಕೆಟ್, ಎರಡೂ ಕುಟುಂಬಗಳು ಸೇರಿದ ಫೋಟೊ—ಇವು ಅಗಲಿದವರ ಜಂಟಿ ಆಸ್ತಿ. ಅವನ್ನು ಜೋಪಾನ ಮಾಡಿರಿ. ಏಜೆಂಟರು ಬರೆದುಕೊಟ್ಟ ಉತ್ತರಗಳನ್ನು ಎಸೆದುಬಿಡಿರಿ.

ಆ ಮೊದಲ ಹುಡುಗಿಗೆ ವೀಸಾ ಸಿಕ್ಕಿತು. ಹೊರಡುವ ಮುನ್ನ ಭೇಟಿಯಾದಾಗ ಅವಳು ನಗುತ್ತಾ ಹೇಳಿದಳು: “ಅವರ ಬಗ್ಗೆ ಇಷ್ಟೊಂದು ವಿಷಯ ನಾನು ಕೇಳಿ ತಿಳಿದದ್ದು ಈ ಸಂದರ್ಶನದ ಹೆದರಿಕೆಯಿಂದಲೇ.” ನಮಗೆ ನಗು ಬರಲಿಲ್ಲ. ದಂಪತಿಗಳು ಪರಸ್ಪರರನ್ನು ಅರಿಯಲು ಪರದೇಶದ ಅಧಿಕಾರಿಯೊಬ್ಬ ಕಿಟಕಿಯಾಚೆ ಕೂರಬೇಕಾದ ಸ್ಥಿತಿಗೆ ಆ ದೇಶದ ಕಾನೂನಿನಷ್ಟೇ ನಾವೂ ಹೊಣೆಗಾರರಲ್ಲವೇ?