ಲೆಕ್ಕಕ್ಕೆ ಬಾರದ ಏಳು ವಾರ

ಹೊರದೇಶದ ಬ್ರೀಡರ್ ಹತ್ತಿರ ನಾಯಿಮರಿ ಕೊಳ್ಳುವುದನ್ನು ದುಡ್ಡಿನ ಕೊಬ್ಬು ಎಂದು ತಳ್ಳಿಹಾಕುವುದು ಸುಲಭ. ಬೆಂಗಳೂರು ಆ ಕೆಲಸವನ್ನು ಇನ್ನಷ್ಟು ಸುಲಭ ಮಾಡಿಕೊಟ್ಟಿದೆ. 2025ರ ಮಾರ್ಚ್‌ನಲ್ಲಿ ನಗರದ ಬ್ರೀಡರ್ ಒಬ್ಬರು ತೋಳ ಮತ್ತು ಕಕೇಶಿಯನ್ ಶೆಫರ್ಡ್ ಬೆರಕೆಯ ನಾಯಿಯೊಂದನ್ನು 50 ಕೋಟಿ ರೂಪಾಯಿಗೆ ಅಮೆರಿಕದಿಂದ ತರಿಸಿದ್ದಾಗಿ ಹೇಳಿಕೊಂಡರು. ಸುದ್ದಿ ಇಂಗ್ಲೆಂಡಿನ ಪತ್ರಿಕೆಗಳವರೆಗೂ ಹೋಯಿತು. ಮರುತಿಂಗಳು ಇ.ಡಿ. ಅಧಿಕಾರಿಗಳು ವಿದೇಶಿ ವಿನಿಮಯದ ಲೆಕ್ಕ ಕೇಳಲು ಮನೆಗೇ ಬಂದರು. ಅಂಥ ವ್ಯವಹಾರವೇ ನಡೆದಂತಿಲ್ಲ, ನಾಯಿಯೂ ಅವರದಲ್ಲ ಎಂದು ಆಮೇಲೆ ವರದಿಯಾಯಿತು. ಇಷ್ಟು ಕೇಳಿ ನಕ್ಕು ಮುಂದೆ ಹೋಗಬಹುದು. ಆದರೆ ಯಾವ ಪದ್ಧತಿಯನ್ನೂ ಅದರ ಬೂಟಾಟಿಕೆಯಿಂದ ಅಳೆಯುವುದು ನ್ಯಾಯವಲ್ಲ. ಚೆನ್ನಾಗಿ ನಡೆದಾಗ ಅದರಿಂದ ಏನು ಸಿಗುತ್ತದೆ, ಚೆನ್ನಾಗಿ ನಡೆದರೂ ಏನು ಕಳೆದುಹೋಗುತ್ತದೆ ಎಂಬುದನ್ನು ನೋಡಬೇಕು.

ಸಿಗುವುದರ ದೊಡ್ಡ ಉದಾಹರಣೆ ಬಸೆಂಜಿ. ಬೊಗಳದ ನಾಯಿ ಎಂದು ಹೆಸರಾದ, ಕಾಂಗೋ ಸೀಮೆಯ ಬೇಟೆನಾಯಿ ಇದು. ಯುರೋಪು, ಅಮೆರಿಕದಲ್ಲಿದ್ದ ಬಸೆಂಜಿಗಳೆಲ್ಲ ಬೆರಳೆಣಿಕೆಯ ನಾಯಿಗಳ ಸಂತಾನ. ರಕ್ತಸಂಬಂಧದೊಳಗೇ ಕೂಡಿಸಿ ಕೂಡಿಸಿ, ಮೂತ್ರಪಿಂಡ ಕೆಡಿಸುವ ಫ್ಯಾಂಕೋನಿ ಎಂಬ ಕಾಯಿಲೆ ತಳಿಯಲ್ಲಿ ಬೇರೂರಿತು. 1987, 88ರಲ್ಲಿ ಅಮೆರಿಕದ ಕೆಲವು ಬಸೆಂಜಿಪ್ರಿಯರು ಆಗ ಜೈರ್ ಎಂದು ಕರೆಯುತ್ತಿದ್ದ ಕಾಂಗೋಗೇ ಹೋಗಿ ನಾಯಿಗಳನ್ನು ತಂದರು. 1990ರಲ್ಲಿ ಅಮೆರಿಕನ್ ಕೆನಲ್ ಕ್ಲಬ್ ತನ್ನ ತಳಿಪುಸ್ತಕ ತೆರೆದು ಅವನ್ನು ಸೇರಿಸಿಕೊಂಡಿತು. ತಳಿಗೆ ಹೊಸ ರಕ್ತ ಬಂತು, ಜೊತೆಗೆ ಹುಲಿಪಟ್ಟೆಯ ಬಣ್ಣವೂ ಬಂತು. ಗಡಿ ದಾಟಿ ನಾಯಿ ತರುವುದಕ್ಕೆ ಇದಕ್ಕಿಂತ ಗಟ್ಟಿಯಾದ ಸಮರ್ಥನೆ ನನಗೆ ತೋಚುವುದಿಲ್ಲ. ಒಂದು ಮಾತು ಮಾತ್ರ ಮರೆಯಬಾರದು. ಅವರು ಹೋದದ್ದು ತಳಿಯ ಸಲುವಾಗಿ. ಮನೆಯ ಸೋಫಾ ಪಕ್ಕಕ್ಕೆ ಒಂದು ಮರಿ ಬೇಕೆಂದು ಅಲ್ಲ.

ಮನೆಗೆ ಮರಿ ಬೇಕೆನ್ನುವವರೂ ಹೊರಗೆ ನೋಡುವುದಕ್ಕೆ ಕಾರಣವಿಲ್ಲದೆ ಇಲ್ಲ. ಫಿನ್ಲೆಂಡಿನ ಕೆನಲ್ ಕ್ಲಬ್ ತನ್ನ ನಾಯಿಗಳ ದಾಖಲೆಯನ್ನು ಯಾರು ಬೇಕಾದರೂ ನೋಡುವಂತೆ ತೆರೆದಿಟ್ಟಿದೆ. ಸ್ವೀಡನ್ನಿನಲ್ಲೂ ಹಾಗೆಯೇ. ಲ್ಯಾಬ್ರಡಾರ್ ಒಂದರ ಹೆಸರು ಹೊಡೆದರೆ ಅದರ ಸೊಂಟದ ಕೀಲಿನ ಎಕ್ಸ್‌ರೇ ದರ್ಜೆ, ಮೊಣಕೈ, ಕಣ್ಣಿನ ಪರೀಕ್ಷೆ ಎಲ್ಲ ಬರುತ್ತದೆ. ಒಂದೇ ಸೂಲಿನ ಒಡಹುಟ್ಟುಗಳದ್ದೂ ಬರುತ್ತದೆ. ಇದು ಸಣ್ಣ ವಿಷಯವಲ್ಲ. ಯುರೋಪಿನಲ್ಲಿ ಸೊಂಟಕ್ಕೆ ಎ ಇಂದ ಇ ವರೆಗೆ ದರ್ಜೆ. ತಾಯಿಗೆ ಎ ಸಿಕ್ಕಿದೆ ಎಂದು ಜಾಹೀರಾತು ಹೇಳುತ್ತದೆ. ಅವಳ ಜೊತೆ ಹುಟ್ಟಿದ ಮೂವರಿಗೆ ಡಿ ಎಂದು ದಾಖಲೆ ಹೇಳುತ್ತದೆ. ಈ ಎರಡನ್ನೂ ಒಟ್ಟಿಗೆ ಓದುವವನು ಜಾಣ ಗಿರಾಕಿ. ಬ್ರಿಟನ್ನಿನಲ್ಲಿ ಇದೇ ಪರೀಕ್ಷೆಗೆ ಅಂಕ ಕೊಡುತ್ತಾರೆ, ಒಂದೊಂದು ಬದಿಗೆ 0ಯಿಂದ 53, ಕಡಿಮೆಯಾದಷ್ಟೂ ಒಳ್ಳೆಯದು. ಅಮೆರಿಕದಲ್ಲಿ ನಾಯಿಗೆ 24 ತಿಂಗಳು ತುಂಬುವವರೆಗೆ ಕೊನೆಯ ಪ್ರಮಾಣಪತ್ರವೇ ಇಲ್ಲ. ಬೆಂಗಳೂರಿನಲ್ಲಿ ‘ಕೆಸಿಐ ಪೇಪರ್ ಇದೆ ಸಾರ್’ ಅನ್ನುವ ಮಾತಿಗೆ ಮರುಳಾಗುವವರು ಒಂದು ಸಂಜೆ ಆ ಫಿನ್ಲೆಂಡಿನ ದಾಖಲೆ ತೆರೆದು ನೋಡಬೇಕು. ಕೆನಲ್ ಕ್ಲಬ್ ಆಫ್ ಇಂಡಿಯಾ ಕೊಡುವ ಆ ವಂಶಾವಳಿಯ ಕಾಗದ ಅಪ್ಪ ಅಮ್ಮ ಯಾರೆಂದು ಹೇಳುತ್ತದೆ, ಅವರ ಕೀಲು ಹೇಗಿತ್ತೆಂದು ಹೇಳುವುದಿಲ್ಲ.

ಇಷ್ಟರ ಮಟ್ಟಿಗೆ ಹೊರದೇಶದ ಒಳ್ಳೆಯ ಬ್ರೀಡರ್‌ಗೆ ಪೂರ್ತಿ ಅಂಕ. ತೊಡಕು ಶುರುವಾಗುವುದು ಮರಿ ಹುಟ್ಟಿದ ಮೇಲೆ.

ಊರಿನೊಳಗೇ ಮಾರುವ ಮರಿ ಸಾಮಾನ್ಯವಾಗಿ ಎಂಟು ವಾರಕ್ಕೆ ತಾಯಿಯನ್ನು ಬಿಟ್ಟು ಹೊಸ ಮನೆಗೆ ಹೋಗುತ್ತದೆ. ಗಡಿ ದಾಟುವ ಮರಿಗೆ ರೇಬಿಸ್ ನಿಯಮ ಅಡ್ಡ ಬರುತ್ತದೆ. ಯುರೋಪಿನ ಲೆಕ್ಕದಲ್ಲಿ 12 ವಾರ ತುಂಬುವ ಮೊದಲು ಹಾಕಿದ ರೇಬಿಸ್ ಚುಚ್ಚುಮದ್ದು ಲೆಕ್ಕಕ್ಕಿಲ್ಲ. ಹಾಕಿದ ಮೇಲೆ 21 ದಿನ ಕಾಯಬೇಕು. ಒಟ್ಟು 15 ವಾರ. ಭಾರತಕ್ಕೆ ಬರುವುದಾದರೆ ಚುಚ್ಚುಮದ್ದು ಆಗಿ ತಿಂಗಳು ಕಳೆದಿರಬೇಕು, ಅಂದರೆ ಇನ್ನೂ ತಡ. ನಿಯಮದಲ್ಲಿ ತಪ್ಪಿಲ್ಲ. ರೇಬಿಸ್ ಬಂದ ಮೇಲೆ ಬದುಕಿಸುವ ಔಷಧಿ ಇಲ್ಲದಿರುವಾಗ ಸರ್ಕಾರಗಳು ಹೀಗೇ ಇರಬೇಕು. ಆದರೆ ಎಂಟರಿಂದ ಹದಿನೈದನೇ ವಾರದ ನಡುವೆ ಮರಿಯ ತಲೆಯೊಳಗೆ ನಡೆಯುವ ಕೆಲಸ ಯಾವ ಸರ್ಕಾರದ ಅಪ್ಪಣೆಗೂ ಕಾಯುವುದಿಲ್ಲ.

ಅಮೆರಿಕದ ಮೇಯ್ನ್ ರಾಜ್ಯದ ಬಾರ್ ಹಾರ್ಬರ್‌ನ ಪ್ರಯೋಗಾಲಯದಲ್ಲಿ ಸ್ಕಾಟ್ ಮತ್ತು ಫುಲ್ಲರ್ ಮರಿಗಳ ಬೆಳವಣಿಗೆಯನ್ನು ವರ್ಷಗಟ್ಟಲೆ ನೋಡಿ 1965ರಲ್ಲಿ ಪುಸ್ತಕ ಬರೆದರು. ಮರಿ ಮನುಷ್ಯರನ್ನು ತನ್ನವರೆಂದು ಒಪ್ಪಿಕೊಳ್ಳುವ ಕಾಲ ಸುಮಾರು ಮೂರನೇ ವಾರದಿಂದ ಹನ್ನೆರಡನೇ ವಾರದವರೆಗೆ ಎಂಬುದು ಅವರ ಮುಖ್ಯ ಮಾತು. ಅದೇ ಊರಿನಲ್ಲಿ ನಡೆದು 1961ರಲ್ಲಿ ಪ್ರಕಟವಾದ ಪ್ರಯೋಗ ಇನ್ನೂ ಮೊನಚಾದದ್ದು. ಎತ್ತರದ ಬೇಲಿ ಹಾಕಿದ ಬಯಲಿನಲ್ಲಿ ಮರಿಗಳನ್ನು ತಾಯಿಯ ಜೊತೆ ಬಿಟ್ಟರು. ಹೊಟ್ಟೆಗೆ ಕೊರತೆ ಇರಲಿಲ್ಲ, ಮನುಷ್ಯರ ಸಹವಾಸವೊಂದೇ ಇರಲಿಲ್ಲ. ಕೆಲವನ್ನು ಬೇರೆ ಬೇರೆ ವಯಸ್ಸಿನಲ್ಲಿ ಒಂದು ವಾರ ಒಳಗೆ ತಂದು ಆಡಿಸಿದರು, ಕೆಲವನ್ನು ತರಲೇ ಇಲ್ಲ. ಹದಿನಾಲ್ಕು ವಾರ ಯಾರನ್ನೂ ಹತ್ತಿರದಿಂದ ಕಾಣದೆ ಬೆಳೆದ ಮರಿಗಳು ಕಾಡುಪ್ರಾಣಿಗಳ ಹಾಗೆ ಆದವು. ಆಮೇಲೆ ಎಷ್ಟು ಮುದ್ದಿಸಿದರೂ ಅವು ಪಳಗಲಿಲ್ಲ.

ಯಾವ ಬ್ರೀಡರೂ ಮರಿಯನ್ನು ಹೀಗೆ ಬಯಲಿಗೆ ಬಿಡುವುದಿಲ್ಲ, ನಿಜ. ಆದರೆ ಕಾಲಾವಧಿ ಅದೇ. ಮನೆಯೊಳಗೇ ಸಾಕುವ ಬ್ರೀಡರ್ ಆದರೆ ಮರಿ ಆ ಏಳು ವಾರ ಅಡುಗೆಮನೆಯ ಸದ್ದು, ಮಕ್ಕಳ ಗಲಾಟೆ, ಕಾರಿನ ಪ್ರಯಾಣ ನೋಡುತ್ತದೆ. ದೊಡ್ಡ ಕೆನಲ್ ಆದರೆ ಉಳಿದ ಒಂದೆರಡು ಮರಿಗಳ ಜೊತೆ ಕಟಕಟೆಯಲ್ಲಿ ಕಳೆಯುತ್ತದೆ. ಆ ಮರಿಗೆ ಪಕ್ಕದ ಮರಿಯೇ ಪ್ರಪಂಚ. ಕೊಳ್ಳುವವರು ಕೇಳುವುದು ಏನನ್ನು? ಅಪ್ಪ ಎಷ್ಟು ಶೋ ಗೆದ್ದಿದೆ, ಬಣ್ಣ ಯಾವುದು, ವಿಮಾನಕ್ಕೆ ಎಷ್ಟು. ಹತ್ತನೇ ವಾರದಲ್ಲಿ ಮರಿ ಎಲ್ಲಿ ಮಲಗುತ್ತಿತ್ತು ಎಂದು ಕೇಳಿದವರನ್ನು ನಾನು ಕಂಡಿಲ್ಲ. ಇನ್ನೊಂದು ತಮಾಷೆ: ಫಿನ್ಲೆಂಡಿನ ಹಳ್ಳಿಯಲ್ಲಿ ಎಷ್ಟೇ ಚೆನ್ನಾಗಿ ಬೆಳೆಸಿದರೂ ಆ ಮರಿ ಕುಕ್ಕರ್ ಸೀಟಿ ಕೇಳಿರುವುದಿಲ್ಲ, ಆಟೊ ನೋಡಿರುವುದಿಲ್ಲ, ರಸ್ತೆಯ ನಡುವೆ ಮಲಗಿದ ಹಸುವನ್ನಾಗಲಿ ಬೀದಿನಾಯಿಗಳ ದಂಡನ್ನಾಗಲಿ ದಾಟಿ ನಡೆದಿರುವುದಿಲ್ಲ. ಜಯನಗರದ ಅಪಾರ್ಟ್‌ಮೆಂಟಿಗೆ ಅದು ಕಾಲಿಡುವಾಗ ಕಲಿಯುವ ಕಾಲದ ಬಹುಭಾಗ ಮುಗಿದಿರುತ್ತದೆ.

ಈ ಕಾಯುವಿಕೆಯನ್ನು ತಪ್ಪಿಸುವ ಅಡ್ಡದಾರಿ ಇನ್ನೂ ಕೆಟ್ಟದು. ಪೂರ್ವ ಯುರೋಪಿನಿಂದ ವ್ಯಾನುಗಳಲ್ಲಿ ಬ್ರಿಟನ್ನಿಗೆ ಬರುವ ಮರಿಗಳಲ್ಲಿ ವಯಸ್ಸು ತುಂಬದವು ಎಷ್ಟೋ. ಪಾಸ್‌ಪೋರ್ಟಿನಲ್ಲಿ 15 ವಾರ ಎಂದಿರುತ್ತದೆ. ಬಾಯಿ ತೆರೆಸಿದರೆ ಬೇರೆ ಕಥೆ. ಮುಂಬದಿಯ ಹಾಲುಹಲ್ಲು ಬಿದ್ದು ಹೊಸದು ಹುಟ್ಟುವುದು ಮೂರರಿಂದ ನಾಲ್ಕನೇ ತಿಂಗಳ ನಡುವೆ. ಸೂಜಿಯಂಥ ಹಾಲುಹಲ್ಲು ಒಂದೂ ಅಲುಗದೆ ನಿಂತಿದ್ದರೆ ಕಾಗದದ ಮೇಲೆ ಅನುಮಾನ ಬರಲೇಬೇಕು. ಡೋವರ್ ಬಂದರಿನಲ್ಲಿ ಹಿಡಿದ ಇಂಥ ಮರಿಗಳ ಆರೈಕೆಯ ಖರ್ಚನ್ನು ಡಾಗ್ಸ್ ಟ್ರಸ್ಟ್ ಸಂಸ್ಥೆ 2015ರ ಕೊನೆಯಿಂದ ಹೊತ್ತುಕೊಂಡಿದೆ. ಮರಿಯನ್ನು ಮಧ್ಯವರ್ತಿಗಳು ಮಾರುವುದನ್ನು ಇಂಗ್ಲೆಂಡ್ 2020ರಲ್ಲಿ ನಿಲ್ಲಿಸಿತು. ಅದರ ತಿರುಳು ಸರಳ: ಮರಿಯನ್ನು ತಾಯಿಯ ಪಕ್ಕದಲ್ಲೇ ತೋರಿಸು, ಅಲ್ಲೇ ಮಾರು. ಗಡಿಯಾಚೆಯ ವ್ಯಾಪಾರಕ್ಕೆ ಕೈಗೂಡದ್ದು ಇದೇ. ತಾಯಿಯ ಸ್ವಭಾವ ವಿಡಿಯೊದಲ್ಲಿ ಕಾಣುವುದಿಲ್ಲ.

ಮರಿಯೇ ಇಲ್ಲದ ಮಾರಾಟದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕದ್ದ ಫೋಟೊ, ಅಗ್ಗದ ಬೆಲೆ, ಮುಂಗಡ. ಆಮೇಲೆ ಪೆಟ್ಟಿಗೆಗೆ ದುಡ್ಡು, ವಿಮೆಗೆ ದುಡ್ಡು, ಕ್ವಾರಂಟೈನ್‌ಗೆ ದುಡ್ಡು. ಕೊರೊನಾ ಕಾಲದಲ್ಲಿ ಲೋಕವೆಲ್ಲ ಇದಕ್ಕೆ ಸಿಕ್ಕಿತು.

ಭಾರತದಲ್ಲಿ ಇನ್ನೊಂದು ಗಂಟಿದೆ. 2016ರ ಏಪ್ರಿಲ್‌ನಲ್ಲಿ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ನಾಯಿ ಆಮದನ್ನು ಮೂರಕ್ಕೆ ಸೀಮಿತಗೊಳಿಸಿತು: ತರುವವರ ಹೆಸರಿನಲ್ಲೇ ದಾಖಲೆ ಇರುವ ಸಾಕುನಾಯಿ, ಸಂಶೋಧನೆ, ಸೇನೆ ಮತ್ತು ಪೊಲೀಸರ ಕೆಲಸ. ಮಾರಲು, ಮರಿ ಹಾಕಿಸಲು ತರುವಂತಿಲ್ಲ ಎಂದಿತು. ಕೋರ್ಟಿನಲ್ಲಿ ಜಗಳವೂ ಆಯಿತು. ಹಾಗಾಗಿ ‘ಇಂಪೋರ್ಟೆಡ್’ ಎಂದು ಮಾರಾಟಕ್ಕಿಟ್ಟ ಮರಿ ಕಂಡರೆ ಮೊದಲು ಕೇಳಬೇಕಾದ ಪ್ರಶ್ನೆ, ಇದು ಯಾರ ಹೆಸರಿನಲ್ಲಿ ದೇಶದೊಳಗೆ ಬಂತು ಎಂಬುದು. ಉತ್ತರ ತಡವರಿಸಿದರೆ ಎದ್ದು ಬರುವುದು ಒಳ್ಳೆಯದು.

‘ಅಷ್ಟೆಲ್ಲ ಯಾಕೆ, ನಮ್ಮ ಮುಧೋಳ ಇಲ್ಲವೇ’ ಎನ್ನುವವರ ಮಾತಿಗೂ ನಾನು ಪೂರ್ತಿ ತಲೆಯಾಡಿಸಲಾರೆ. ಬಾಗಲಕೋಟೆಯ ಹೊಲದಲ್ಲಿ ಮೊಲದ ಹಿಂದೆ ಓಡಲು ಹುಟ್ಟಿದ ನಾಯಿಗೆ ಹತ್ತನೇ ಮಹಡಿಯ ಬಾಲ್ಕನಿ ಸಾಕಾಗುವುದಿಲ್ಲ. ಸ್ವದೇಶಿ ಎಂಬ ಒಂದೇ ಕಾರಣಕ್ಕೆ ಅದನ್ನು ತಂದು ಕಟ್ಟಿಹಾಕುವುದು ಹಸ್ಕಿಯನ್ನು ಏಸಿ ಕೋಣೆಯಲ್ಲಿಡುವುದಕ್ಕಿಂತ ದೊಡ್ಡ ಪುಣ್ಯವೇನಲ್ಲ. ಆದರೂ ಮುಧೋಳದ ಪಕ್ಕದ ತಿಮ್ಮಾಪುರದಲ್ಲಿ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಬಸ್ಸು ಹತ್ತಿ ಹೋಗಿ ನಾಯಿಗಳನ್ನು ಕಣ್ಣಾರೆ ನೋಡಿ ಬರಬಹುದು. ಆ ಅನುಕೂಲವನ್ನು ಯಾವ ಎಕ್ಸ್‌ರೇ ದರ್ಜೆಯೂ ತುಂಬಿಕೊಡದು.

ಗಡಿ ದಾಟುವ ಮರಿಯ ವಯಸ್ಸಿನ ಲೆಕ್ಕವನ್ನೇ ಅಮೆರಿಕ 2024ರ ಆಗಸ್ಟ್ 1ರಿಂದ ತಿರುಗಿಸಿದೆ. ಯಾವ ದೇಶದಿಂದ ಬಂದರೂ ನಾಯಿಗೆ ಆರು ತಿಂಗಳು ತುಂಬಿರಬೇಕು, ಮೈಕ್ರೋಚಿಪ್ ಇರಬೇಕು. ಹೊರದೇಶದ ಮರಿ ಎಂಬುದೇ ಅಲ್ಲಿ ಇನ್ನಿಲ್ಲ, ಬರುವುದು ಬೆಳೆದ ನಾಯಿ. ಮುದ್ದುಮರಿ ಬೇಕೆನ್ನುವವರಿಗೆ ಬೇಸರವಾಗಿದೆ. ನನಗೆ ಇದರಲ್ಲಿ ಲಾಭವೇ ಕಾಣುತ್ತದೆ. ಆರು ತಿಂಗಳಿಗೆ ಹಲ್ಲು ಬದಲಾಗಿ ದವಡೆಯ ಕೂಡಿಕೆ ಗೊತ್ತಾಗುತ್ತದೆ. ನಾಲ್ಕು ತಿಂಗಳಿನಿಂದಲೇ ಸೊಂಟದ ಮೊದಲ ಎಕ್ಸ್‌ರೇ ತೆಗೆಸಬಹುದು. ಅಪರಿಚಿತರು ಬಾಗಿಲು ತಟ್ಟಿದಾಗ ನಾಯಿ ಮುಂದೆ ಬರುತ್ತದೋ ಮೇಜಿನ ಕೆಳಗೆ ನುಗ್ಗುತ್ತದೋ ಎಂಬುದು ಅಷ್ಟರಲ್ಲಿ ಗುಟ್ಟಾಗಿ ಉಳಿದಿರುವುದಿಲ್ಲ. ಹೊರಗಿನಿಂದ ತರಿಸಲೇಬೇಕು ಎನ್ನುವವರಿಗೆ ನನ್ನ ಸಲಹೆ, ಮರಿಯನ್ನು ಕೇಳಬೇಡಿ. ಬ್ರೀಡರ್ ತನಗೆಂದು ಇಟ್ಟುಕೊಂಡು ಮನೆಯೊಳಗೇ ಬೆಳೆಸಿ, ಆಮೇಲೆ ಶೋಗೆ ಒಗ್ಗದೆಂದು ಕೈಬಿಟ್ಟ ಎಂಟು, ಹತ್ತು ತಿಂಗಳ ನಾಯಿ ಇದೆಯೇ ಎಂದು ಕೇಳಿ. ಶೋನವರಿಗೆ ಬೇಡವಾದದ್ದು ಕಿವಿಯ ಮಡಿಕೆಯೋ ಒಂದು ಹಲ್ಲಿನ ಕೊರತೆಯೋ ಆಗಿರುತ್ತದೆ. ಅದರಿಂದ ನಿಮ್ಮ ಮನೆಗೆ ಏನೂ ನಷ್ಟವಿಲ್ಲ.