ಕಳುಹಿಸಿಕೊಡುವವನು

ಹಾಸ್ಯ ಮತ್ತು ಕರುಣ ಇವು ಪರಸ್ಪರ ವಿರೋಧಿ ರಸಗಳೆಂದು ನಮ್ಮ ಆಲಂಕಾರಿಕರು ಎಣಿಸಿರುವರು. ಒಂದೇ ಆಶ್ರಯದಲ್ಲಿ ಎರಡನ್ನೂ ಕೂಡಿಸಿದರೆ ರಸಭಂಗವಾಗುವದು. ಆಶ್ರಯಗಳನ್ನು ಬೇರ್ಪಡಿಸಿದರೆ ವಿರೋಧವು ತಾನಾಗಿಯೇ ಶಮಿಸುವದೆಂದು ಆನಂದವರ್ಧನನು ದಾರಿಯನ್ನೂ ತೋರಿರುವನು. 2008ರಲ್ಲಿ ಹೊರಬಂದ 'ಓಕುರಿಬಿತೊ' ಎಂಬ ಜಪಾನೀ ಚಿತ್ರಪಟವು ಈ ದಾರಿಯನ್ನೇ ಹಿಡಿದು ನಡೆದಿರುವದು. ಹೆಸರಿನ ಅರ್ಥ 'ಕಳುಹಿಸಿಕೊಡುವವನು' ಎಂದು. ನಿರ್ದೇಶಕನು ಯೋಜಿರೋ ತಕಿತಾ. 2009ರಲ್ಲಿ ಪರಭಾಷಾಚಿತ್ರಗಳಿಗಾಗಿ ಕೊಡುವ ಆಸ್ಕರ್ ಪಾರಿತೋಷಕವು ಇದಕ್ಕೆ ದೊರೆಯಿತು. ಇಂಥ ಚಿತ್ರವನ್ನು ಗೋಕಾಕ, ಮೂಡಲಗಿ, ಹುಕ್ಕೇರಿಗಳಲ್ಲಿ ಸಕಲರಿಗೂ ಉಚಿತವಾಗಿ ತೋರಿಸುವದು ಯೋಗ್ಯವೇ? ತೋರಿಸಿದರೆ ನಾವು ಅದನ್ನು ಯಾವ ಕಣ್ಣಿನಿಂದ ನೋಡಬೇಕು? ಇದೇ ಇಲ್ಲಿಯ ವಿಚಾರ.

ಕಥೆಯು ಸರಳವಾದುದು. ದೈಗೊ ಎಂಬ ತರುಣನು ಟೋಕಿಯೋದ ವಾದ್ಯವೃಂದದಲ್ಲಿ ಚೆಲ್ಲೋ ನುಡಿಸುವವನು. ವೃಂದವು ಮುರಿಯಲು ಹೆಂಡತಿಯೊಡನೆ ಹುಟ್ಟೂರಿಗೆ ಮರಳುವನು. 'ಪ್ರಯಾಣಕ್ಕೆ ನೆರವು' ಎಂಬರ್ಥದ ಜಾಹೀರಾತನ್ನು ಕಂಡು, ಪ್ರವಾಸದ ಕಚೇರಿಯಿರಬೇಕೆಂದು ಹೋದರೆ, ಅದು ಶವಗಳನ್ನು ಶುಚಿಗೊಳಿಸಿ, ಉಡಿಸಿ, ಪೆಟ್ಟಿಗೆಯಲ್ಲಿ ಮಲಗಿಸುವವರ ಕಚೇರಿ! ಯಜಮಾನ ಸಸಾಕಿಯು ಅಚ್ಚಿನ ತಪ್ಪೆಂದು ಹೇಳಿ, ಹಣವನ್ನು ಮುಂದಿಟ್ಟು, ಅವನನ್ನು ಅಲ್ಲಿಯೇ ಉಳಿಸಿಕೊಳ್ಳುವನು. ಹೆಂಡತಿಗೆ ವಿಷಯ ತಿಳಿದಾಗ ಆಕೆಯು ಅವನ ಕೈಯನ್ನು ಮೈಲಿಗೆಯದೆಂದು ದೂರ ತಳ್ಳಿ ತವರಿಗೆ ಹೋಗುವಳು.

ನಿರ್ದೇಶಕನ ಔಚಿತ್ಯಪ್ರಜ್ಞೆಯು ಮೆಚ್ಚತಕ್ಕುದು. ಇಲ್ಲಿ ನಗೆಗೆ ಗುರಿಯಾಗುವವರು ಯಾವಾಗಲೂ ಬದುಕಿರುವವರು, ಸತ್ತವರಲ್ಲ. ವಿಧಿಯನ್ನು ಕಲಿಸುವ ಚಿತ್ರಕ್ಕಾಗಿ ದೈಗೊ ತಾನೇ ಹೆಣವಾಗಿ ಮಲಗುವಾಗ ನಗುವೆವು. ನಿಜವಾದ ಶವದ ಮುಂದೆ ಅವನು ಮೊಣಕಾಲೂರಿದಾಗ ಸಭೆಯು ತಾನಾಗಿಯೇ ಮೌನವಹಿಸುವದು. ಒಂದು ಮನೆಯಲ್ಲಿ, ಐದು ನಿಮಿಷ ತಡವಾಯಿತೆಂದು ಗದರಿಸಿದ ಗಂಡನ ಎದುರಿನಲ್ಲಿಯೇ, ಸತ್ತವಳು ತಾನೇ ಬಳಸುತ್ತಿದ್ದ ತುಟಿಬಣ್ಣವನ್ನು ಕೇಳಿ ತರಿಸಿ ಸಸಾಕಿಯು ಆಕೆಯ ಮುಖವನ್ನು ತಿದ್ದುವನು. ಗಂಡನ ಸಿಟ್ಟು ಕರಗಿ ಅಳುವಾಗುವದು. ಜೋ ಹಿಸಾಇಶಿಯವರ ಸಂಗೀತವು ಕೆಲವೆಡೆ ಅಳುವನ್ನು ಒತ್ತಾಯಿಸಿ ಕೇಳುವದು ನಿಜ. ಈ ದೃಶ್ಯಕ್ಕೆ ಅದರ ಊರುಗೋಲು ಬೇಕಿಲ್ಲ.

ಇಂಥ ಮಿಶ್ರರಸವು ನಮ್ಮ ಸೀಮೆಗೆ ಹೊಸದೇನೂ ಅಲ್ಲ. ಅಪರಾಳ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತವನ್ನು ಕುಲಗೋಡ ತಮ್ಮಣ್ಣನು ಬಯಲಾಟವಾಗಿ ಬೆಳೆಯಿಸಿದ್ದೂ, ಕೌಜಲಗಿ ನಿಂಗಮ್ಮನು ಅದಕ್ಕೆ ಕೀರ್ತಿ ತಂದದ್ದೂ ಈ ನೆಲದಲ್ಲಿಯೇ. ಸತ್ಯಭಾಮೆಯ ಸಂಕಟವನ್ನು ಕಂಡು ಮರುಗಿದ ಜನವೇ ದೂತಿ ಮತ್ತು ಭಾಗವತರ ಸಂವಾದಕ್ಕೆ ಮನಸಾರೆ ನಕ್ಕಿರುವದು. ಅದೂ ಊರವರ ನಡುವೆ ಒಂದೇ ಕಂಬಳಿಯ ಮೇಲೆ ಕುಳಿತು. ಸಾವಿನ ವಿಷಯದಲ್ಲಿ ಒಬ್ಬನೇ ನಗಲು ಮನುಷ್ಯನು ಅಂಜುವನು. ಪಕ್ಕದವನು ನಕ್ಕಾಗ ಧೈರ್ಯ ಬರುವದು, ಪಕ್ಕದವನು ಸುಮ್ಮನಾದಾಗ ವಿವೇಕ ಬರುವದು. ಆದುದರಿಂದ ಈ ಚಿತ್ರವು ಸಮೂಹದಲ್ಲಿಯೇ ನೋಡತಕ್ಕದ್ದು. ಭಾಷೆಯ ತೊಡಕಿಗೂ ಉಪಾಯವಿದೆ. ಮೂಕಚಿತ್ರಗಳ ಕಾಲದಲ್ಲಿ ಜಪಾನದಲ್ಲಿ 'ಬೆನ್ಶಿ' ಎಂಬವರು ಪರದೆಯ ಬದಿಗೆ ನಿಂತು ಕಥೆಯನ್ನು ಹೇಳುತ್ತಿದ್ದರು. ನಮ್ಮ ಭಾಗವತನೂ ಅವರ ಬಳಗದವನೇ. ಸಾಗರದ ಬಳಿಯ ಹೆಗ್ಗೋಡಿನಲ್ಲಿ ಕೆ. ವಿ. ಸುಬ್ಬಣ್ಣನವರ ನೀನಾಸಮ್ ಸಂಸ್ಥೆಯು 1973ರಲ್ಲಿ ಚಿತ್ರಸಮಾಜವನ್ನು ಕಟ್ಟಿ, ಜಗತ್ತಿನ ಉತ್ತಮ ಚಿತ್ರಗಳು ಹಳ್ಳಿಗರಿಗೆ ನಿಲುಕದವಲ್ಲವೆಂದು ತೋರಿಸಿಕೊಟ್ಟಿರುವದು.

ಆದರೂ ಒಂದು ದೊಡ್ಡ ನ್ಯೂನತೆಯನ್ನು ಹೇಳದಿರಲಾಗದು. ಹೆಣದ ಕೆಲಸ, ಚರ್ಮದ ಕೆಲಸಗಳನ್ನು ಮಾಡುವವರನ್ನು ಜಪಾನದಲ್ಲಿಯೂ ಶತಮಾನಗಳವರೆಗೆ ಹೊರಗಿಟ್ಟಿದ್ದರು. 1871ರ ರಾಜಾಜ್ಞೆಯು ಆ ಭೇದವನ್ನು ಅಳಿಸಿತಾದರೂ ಜನಮನದಿಂದ ಅದು ಅಳಿಯಲಿಲ್ಲ. ಚಿತ್ರವು ಈ ಇತಿಹಾಸವನ್ನು ಹೆಸರಿಸುವದೇ ಇಲ್ಲ. ದೈಗೊ ಹೊರಗಿನಿಂದ ಬಂದವನು. ಅವನ ಕೈಯಲ್ಲಿ ಚೆಲ್ಲೋ ಇದೆ. ಅವನ ಕೆಲಸದ ಚೆಲುವನ್ನು ಕಣ್ಣಾರೆ ಕಂಡ ಮೇಲೆಯೇ ಹೆಂಡತಿಯು ಅವನನ್ನು ಒಪ್ಪುವಳು. ಹಾಗಾದರೆ, ಚೆಲುವಿಲ್ಲದ ಕೆಲಸವನ್ನು ಮಾಡುವವನಿಗೆ ಮನ್ನಣೆಯಿಲ್ಲವೇ? ದಹನಶಾಲೆಯ ಮುದುಕನು ಸಾವೆಂಬುದು ಒಂದು ಬಾಗಿಲೆಂದು ಹೇಳಿ ಮರೆಯಾಗುವನು. ಅವನ ಬಾಳಿನ ಕಥೆಯನ್ನು ಯಾರೂ ಕೇಳುವದಿಲ್ಲ. ಚಿತ್ರಕ್ಕೆ ಸ್ಫೂರ್ತಿಯಾದ 1993ರ ಪುಸ್ತಕದ ಕರ್ತೃ ಶಿನ್‌ಮೊನ್ ಅಓಕಿಯವರು, ತಮ್ಮ ಕೃತಿಯ ಧಾರ್ಮಿಕ ತಿರುಳು ಇದರಲ್ಲಿ ಉಳಿಯಲಿಲ್ಲವೆಂದು ಮೂಲಕರ್ತೃವಾಗಿ ತಮ್ಮ ಹೆಸರನ್ನು ಹಾಕಗೊಡಲಿಲ್ಲ. ತಿರುಳು ಸೋರಿದ್ದು ಅದೊಂದೇ ಕಡೆಯಲ್ಲ.

ಈ ಕೊರತೆಯನ್ನು ತುಂಬಬೇಕಾದವರು ನೋಡುವವರೇ. ನಮ್ಮ ಊರುಗಳಲ್ಲಿಯೂ ಸತ್ತವರನ್ನು ವಿಮಾನದಲ್ಲಿ ಕುಳ್ಳಿರಿಸಿ ಭಜನೆಯೊಡನೆ ಒಯ್ಯುವೆವು. ಮುಂದೆ ಹಲಗೆ ಬಾರಿಸುವವನಿಗೂ ಕುಣಿ ತೋಡುವವನಿಗೂ ಆ ವೃತ್ತಿಯು ಜಾಹೀರಾತಿನ ತಪ್ಪಿನಿಂದ ಬಂದುದಲ್ಲ. ಬಹುಮಟ್ಟಿಗೆ ಹುಟ್ಟಿನಿಂದ ಬಂದುದು. 1950ರ ಸಂವಿಧಾನವು ಅಸ್ಪೃಶ್ಯತೆಯನ್ನು ತೊಡೆದುಹಾಕಿರುವದು. ಆದರೂ ನಮ್ಮವರನ್ನು ಕಳುಹಿಸಿಕೊಟ್ಟ ಆ ಕೈಗಳಿಗೆ ಮರುದಿನ ನಮ್ಮ ಮನೆಯ ಪಡಸಾಲೆಯಲ್ಲಿ ಚಹದ ಬಟ್ಟಲನ್ನು ಕೊಡುವವರೆಷ್ಟು ಮಂದಿ?

ಚಿತ್ರವನ್ನು ಅವಶ್ಯವಾಗಿ ತೋರಿಸಬೇಕು. ಹಕ್ಕುದಾರರ ಅನುಮತಿ ಪಡೆದು, ಎಲ್ಲ ಓಣಿಗಳವರನ್ನೂ ಕರೆದು, ಒಂದೇ ಜಮಖಾನೆಯ ಮೇಲೆ ಕುಳ್ಳಿರಿಸಿ ತೋರಿಸಬೇಕು. ಟಿಕೀಟಿಲ್ಲದ ಆಟವೆಂದ ಮಾತ್ರಕ್ಕೆ ಬೆಲೆಯಿಲ್ಲದ ಆಟವಲ್ಲ. ಆ ಬೆಲೆಯನ್ನು ತೆರಬೇಕಾದುದು ಪರದೆಯ ಮುಂದಲ್ಲ, ಮರುದಿನ ನಮ್ಮ ನಮ್ಮ ಹೊಸ್ತಿಲಲ್ಲಿ.